ತಾತನ ಜೋಡುನಳಿಗೆ ಕೋವಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಗೀಚದೆ. ಆಫೀಸಿನಲ್ಲಿ ಒಂದರ ಹಿಂದೊಂದು ರಿಲೀಸು... ಬಿಡಿ, ಅದು ಎಲ್ಲರ ಮನೆ ಕಥೆ.

ಮೊನ್ನೆ ಭಾನುವಾರ ಬಸವನಗುಡಿಯ ನಮ್ಮನೆ ಅಟ್ಟದಿಂದ ತಾತನ ಟ್ರಂಕು ಇಳಿಸಿದೆವು. ಪಂಚೆ, ಪಹಣಿಗಳ ಕೆಳಗೆ ಕೋವಿಯ ಲೈಸೆನ್ಸ್ ಪುಸ್ತಕ. ತಾತ ಹೋಗಿ ಮೂರು ತಿಂಗಳಾಯಿತು, ಕೋವಿ ಠಾಣೆ ಸೇರಿದೆ. "ನಿನ್ನ ಹೆಸರಿಗೆ ಮಾಡಿಸೋಣ್ವಾ?" ಅಂದರು ಅಪ್ಪ. ನಾನು ಮಾತಾಡಲಿಲ್ಲ.

ನಮ್ಮೂರು ನಂಜನಗೂಡು ತಾಲ್ಲೂಕಿನಲ್ಲಿ, ಹದಿನಾರು ಕೆರೆಗೆ ಹತ್ತಿರ. (ಹದಿನಾರು ಅನ್ನೋದು ಊರಿನ ಹೆಸರು ಮಾರಾಯ್ರೆ, ಕೆರೆಗಳ ಲೆಕ್ಕ ಅಲ್ಲ!) ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ತೂಕಡಿಸಿ ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತವೆ. ನೂರು ಹಕ್ಕಿ ಒಂದು ರಾತ್ರಿ ಕೂತರೆ ಹುರುಳಿ ಹೊಲದ ಕಥೆ ಮುಗೀತು. ತಾತ ಹುಡುಗನಾಗಿದ್ದಾಗ ನಸುಕಿನಲ್ಲಿ ಬದುವಿನ ಮರೆಗೆ ಮಲಗಿ, ಅವು ಕೆರೆಗೆ ವಾಪಸಾಗುವಾಗ ಹೊಡೀತಿದ್ದರಂತೆ. ಎರಡು ಮೂರು ಕೆಜಿ ತೂಗೋ ಹಕ್ಕಿ, ಸಣ್ಣ ಚರೆಗೆಲ್ಲ ಬೀಳಲ್ಲ ಅನ್ನೋರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ನಮ್ಮನೆಯಲ್ಲಿ ಅದು ನಿಂತಿತು. ಕೋವಿ ಉಳಿದದ್ದು ಆಕಾಶಕ್ಕೊಂದು ಈಡು ಹಾರಿಸಿ ಓಡಿಸೋದಕ್ಕೆ ಮಾತ್ರ.

2008ರ ಜನವರಿ. ನನಗೆ ಹನ್ನೊಂದು ವರ್ಷ, ಬ್ಯಾಟರಿ ಹಿಡಿಯುವ ಕೆಲಸ. ತಾತ ಮೊದಲ ಈಡು ಮೇಲಕ್ಕೆ ಹಾರಿಸಿದರು. ಹೊಲವೇ ಎದ್ದು ಹಾರಿದ ಹಾಗಾಯಿತು.

"ಒಂದು ಹೊಡಿ ತಾತ."

"ತಪ್ಪು ಕಣ್ಮಗ."

"ಸುಳ್ಳು. ನಿಂಗೆ ಗುರೀನೇ ಇಲ್ಲ."

ಎರಡನೇ ನಳಿಗೆ ಸಿಡಿಯಿತು. ಬದುವಿನಾಚೆ ದಪ್ ಅಂತ ಸದ್ದು.

ತಾತ ಕುಕ್ಕರುಗಾಲಲ್ಲಿ ಕೂತು ಅದರ ತಲೆಯನ್ನು ಅಂಗೈ ಮೇಲಿಟ್ಟುಕೊಂಡರು. ಬಿಳೀ ತಲೆ, ಎರಡು ಕಪ್ಪು ಪಟ್ಟೆ. "ಬ್ಯಾಟ್ರಿ ಆರ್ಸು" ಅಂದರು. ಕತ್ತಲಲ್ಲೇ ಗುಂಡಿ ತೋಡಿ ಹೂತೆವು. ಅಜ್ಜಿಗೆ "ಓಡ್ಸ್‌ಬುಟ್ ಬಂದೊ" ಅಂದರು, ಅಷ್ಟೇ. ಬೆಳಗಿನವರೆಗೂ ಒಂದೇ ಒಂದು ಹಕ್ಕಿ ಹೊಲದ ಮೇಲೆ ಕೂಗುತ್ತಾ ಸುತ್ತುತ್ತಿತ್ತು. ತಾತ ಜಗಲಿ ಬಿಟ್ಟು ಏಳಲಿಲ್ಲ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ತಿಂಗಳ ಚುನಾವಣೆ ಹತ್ತಿರ ಬಂತು ಅಂತ ಎಲ್ಲರಂತೆ ನಮ್ಮ ಕೋವಿಯೂ ಠಾಣೆಗೆ ಹೋಗಿ, ಆಮೇಲೆ ಮನೆಗೆ ಬಂತು. ಮುಂದಿನ ಚಳಿಗಾಲದಿಂದ ತಾತ ಹೊಲಕ್ಕೆ ಒಯ್ದದ್ದು ಪಟಾಕಿ. ಕೇಳಿದವರಿಗೆಲ್ಲ "ಭುಜ ನೋವು ಕಣಪ್ಪ" ಅನ್ನೋರು.

ಇಂಜಿನಿಯರಿಂಗ್ ಓದುವಾಗ ಗೊತ್ತಾಯಿತು: ಇವು ಹಿಮಾಲಯ ದಾಟಿ ಬರುವ ಹಕ್ಕಿಗಳು, ಏಳು ಸಾವಿರ ಮೀಟರಿಗೂ ಮೇಲೆ ಹಾರಿದ ದಾಖಲೆ ಇದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹಕ್ಕಿಗಳು ಮೈಸೂರಿನ ಕಡೆ ಕೆರೆಗಳಲ್ಲಿ ಕಂಡಿವೆ. ಹಾಸ್ಟೆಲಿನಿಂದ ಫೋನ್ ಮಾಡಿ ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೂರ್ದಿಂದ್ಲಾ?" ಅಂದರು. ಆಮೇಲೆ "ಊಟ ಆಯ್ತಾ?"

ಲೈಸೆನ್ಸ್ ಪುಸ್ತಕದ ಹಿಂದಿನ ಪುಟಗಳಲ್ಲಿ ತೋಟಾ ಕೊಂಡ ಲೆಕ್ಕ, ಅಂಗಡಿಯವರ ಮೊಹರು. ಕೊನೆಯ ಮೊಹರು ಡಿಸೆಂಬರ್ 2007. ಆಮೇಲಿನದೆಲ್ಲ ಖಾಲಿ ಪುಟ.

ಅಪ್ಪನಿಗೆ ಕೋವಿ ಬೇಡ ಅಂದೆ. ಯಾಕೆ ಅಂತ ಇನ್ನೂ ಹೇಳಿಲ್ಲ. ಅವರು ಈ ಬ್ಲಾಗ್ ಓದಲ್ಲ.