ರಾಗಿಕಾಳಿನಷ್ಟಾದ ಐಕಾನು

ದಾವಣಗೆರೆಯ ಮಧ್ಯಮ ವರ್ಗದ ಮನೆಯೊಂದರ ಹುಡುಗಿ ಚಿತ್ರಕಲಾ ಕಾಲೇಜು ಸೇರಿದಳು. ವಿನ್ಯಾಸದ ಪಾಠಕ್ಕೆ ಲ್ಯಾಪ್‌ಟಾಪ್ ಬೇಕೆಂದಾಗ ತಂದೆ ಸೊಸೈಟಿಯಲ್ಲಿ ಸಾಲ ತೆಗೆದರು. ಅಂಗಡಿಯವನು ‘4ಕೆ’ ತೆರೆಯ ಯಂತ್ರವನ್ನೇ ಮುಂದಿಟ್ಟ. ಮನೆಗೆ ತಂದು, ಅಣ್ಣ ಹಿಂದೆಂದೋ ಕೊಂಡಿದ್ದ ಹಳೆಯ ಫೋಟೋಶಾಪ್ ಹಾಕಿ ನೋಡಿದರೆ ಕುಂಚ, ಕತ್ತರಿ, ರಬ್ಬರು ಎಲ್ಲವೂ ತೆರೆಯ ಎಡಬದಿಯಲ್ಲಿ ಇರುವೆ ಸಾಲಿನಂತೆ! ಮೆನು ಓದಲು ಮೂಗು ತೆರೆಗೆ ತಾಗಬೇಕು. ಎರಡು ವಾರದಲ್ಲಿ ತಲೆನೋವು ಶುರುವಾಯಿತು. ತಾಯಿ ಕಣ್ಣು ಪರೀಕ್ಷೆ ಮಾಡಿಸಿದರು. ಕಣ್ಣು ಸರಿಯಾಗಿಯೇ ಇತ್ತು. ಮೋಸ ಹೋದೆವೇನೋ ಎಂಬ ಕಳವಳ ತಂದೆಗೆ.

ಇದರ ಹಿಂದಿರುವುದು ಹೈಸ್ಕೂಲಿನ ಭಾಗಾಕಾರ. ಗಣಕದ ತೆರೆ ಎಂದರೆ ಪಿಕ್ಸೆಲ್ ಎಂಬ ಸಣ್ಣ ಬಿಂದುಗಳ ಜಾಲ. 15.6 ಇಂಚಿನ ಹಳೆಯ ಸಾಧಾರಣ ತೆರೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಬಿಂದುಗಳು; ಇಂಚಿಗೆ ಸುಮಾರು 100. ಅದೇ ಅಳತೆಯ 4ಕೆ ತೆರೆಯಲ್ಲಿ 3840ಕ್ಕೆ 2160, ಅಂದರೆ ಇಂಚಿಗೆ 282. ಹಳೆಯ ತಂತ್ರಾಂಶಕ್ಕೆ ಮಿಲಿಮೀಟರು ಗೊತ್ತಿಲ್ಲ. ಐಕಾನು 16 ಬಿಂದು ಅಗಲ ಎಂದಿಟ್ಟುಕೊಳ್ಳಿ. ಎಣಿಸಿ ಹದಿನಾರೇ ಬಿಂದು ಬರೆಯುತ್ತದೆ. ಹಳೆಯ ತೆರೆಯಲ್ಲಿ ಅದು 4 ಮಿ.ಮೀ., ಹೊಸದರಲ್ಲಿ ಒಂದೂವರೆಗೂ ಕಡಿಮೆ. ಹೆಸರುಕಾಳು ರಾಗಿಕಾಳಾಯಿತು.

ತಂತ್ರಾಂಶ ಬರೆದವರು ದಡ್ಡರೇನಲ್ಲ. 1984ರ ಮ್ಯಾಕಿಂತೋಷ್‌ನಲ್ಲಿ ಇಂಚಿಗೆ 72 ಬಿಂದುಗಳಿದ್ದವು; ಮುದ್ರಣದ ಅಳತೆಯಾದ ‘ಪಾಯಿಂಟ್’ ಕೂಡ ಇಂಚಿನ 72ನೆಯ ಒಂದು ಭಾಗ. ವಿಂಡೋಸ್ 96 ಎಂದು ಹಿಡಿಯಿತು. ದಶಕಗಳ ಕಾಲ ತೆರೆಗಳು ಇದರ ಆಸುಪಾಸಿನಲ್ಲೇ ಇದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. 2012ರಲ್ಲಿ ಆಪಲ್ ಸಂಸ್ಥೆ ಇಂಚಿಗೆ 220 ಬಿಂದುಗಳ ಮ್ಯಾಕ್‌ಬುಕ್ ಪ್ರೊ ತಂದಾಗ ಲೆಕ್ಕ ಬುಡಮೇಲಾಯಿತು. ಅದಕ್ಕೆ ಒಗ್ಗುವಂತೆ ಫೋಟೋಶಾಪ್ ತಿದ್ದುಪಡಿಯಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ವಿಂಡೋಸ್‌ನವರಿಗೆ ಮೆನು, ಐಕಾನುಗಳನ್ನು ಇಮ್ಮಡಿ ಮಾಡುವ ಸೌಲಭ್ಯ ಸಿಕ್ಕಿದ್ದು 2014ರಲ್ಲಿ, ಅದೂ ಪ್ರಾಯೋಗಿಕವೆಂಬ ಹಣೆಪಟ್ಟಿಯೊಡನೆ. ಅದಕ್ಕೂ ಹಿಂದಿನ ಆವೃತ್ತಿ ವಿಂಡೋಸ್‌ನಲ್ಲಿದ್ದರೆ ಇರುವೆ ಸಾಲು ತಪ್ಪಿದ್ದಲ್ಲ.

ಉಪಾಯವಿದೆ. ವಿಂಡೋಸ್ 10 ಅಥವಾ 11ರಲ್ಲಿ ತಂತ್ರಾಂಶದ ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅಲ್ಲಿಂದ ‘ಕಂಪ್ಯಾಟಿಬಿಲಿಟಿ’, ಅದರೊಳಗೆ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ಗೆ ಹೋಗಿ. ಕೊನೆಯ ಚೌಕದಲ್ಲಿ ಗುರುತು ಹಾಕಿ ‘ಸಿಸ್ಟಮ್’ ಆರಿಸಿದರೆ ಹಿಗ್ಗಿಸುವ ಕೆಲಸವನ್ನು ವಿಂಡೋಸ್ ತಾನೇ ವಹಿಸಿಕೊಳ್ಳುತ್ತದೆ. ಆ ಹುಡುಗಿಗೆ ಸೀನಿಯರ್ ಒಬ್ಬ ಇದನ್ನೇ ಮಾಡಿಕೊಟ್ಟ. ಅಕ್ಷರ ದೊಡ್ಡದಾಯಿತು, ತಲೆನೋವು ಹೋಯಿತು, ಆದರೆ ಎಲ್ಲ ತುಸು ಮಸುಕು. ಒಂದು ಬಿಂದುವನ್ನು ಎಳೆದು ನಾಲ್ಕರ ಜಾಗ ತುಂಬಿಸಿದರೆ ಮಸುಕಾಗದೆ ಇನ್ನೇನು? 4ಕೆಗೆಂದು ತೆತ್ತ ಹಣ ಅಲ್ಲಿಗೆ ವ್ಯರ್ಥ.

ಅದಕ್ಕೂ ಮುಂಚೆ ಅವಳಿಗೆ ಇನ್ನೊಂದು ಪೇಚು ಒದಗಿತ್ತು. ಮನೆಯಲ್ಲಿ ‘ಶೇಕಡಾ 100’ ಎಂದಿಟ್ಟು 600 ಬಿಂದು ಅಗಲದ ಲಾಂಛನ ಬರೆದಳು. ತೆರೆಯ ಮೇಲೆ ಸುಮಾರು ಐದೂವರೆ ಸೆಂಟಿಮೀಟರು, ವಿಸಿಟಿಂಗ್ ಕಾರ್ಡಿನೊಳಗೆ ಕೂರುವಂತಿತ್ತು. ಕಾಲೇಜಿನ ಹಳೆಯ ಗಣಕದಲ್ಲಿ ತೆರೆದರೆ ಹದಿನೈದು ಸೆಂಟಿಮೀಟರು! ತರಗತಿಯೇ ನಕ್ಕಿತು. ಈ ‘ಶೇಕಡಾ 100’ಕ್ಕೆ ಚಿತ್ರದ ಒಂದು ಬಿಂದುವಿಗೆ ತೆರೆಯ ಒಂದು ಬಿಂದು ಎಂದಷ್ಟೇ ಅರ್ಥ, ಕಾಗದದ ಅಳತೆಗೂ ಅದಕ್ಕೂ ನಂಟಿಲ್ಲ. ಮುದ್ರಣಕ್ಕಾದರೆ ಗಾತ್ರವನ್ನು ಸೆಂಟಿಮೀಟರಿನಲ್ಲಿ ಕೊಟ್ಟು, ಇಂಚಿಗೆ 300 ಬಿಂದು ಎಂದು ನಮೂದಿಸುವುದು ರೂಢಿ.

ಹಾಗಾದರೆ 4ಕೆ ಬೇಕೇ? ಸಹಜ ದೃಷ್ಟಿಯ ಕಣ್ಣು ಅರ್ಧ ಮೀಟರು ದೂರದಿಂದ ಸುಮಾರು 0.15 ಮಿ.ಮೀ. ಅಂತರದ ಬಿಂದುಗಳನ್ನು ಬೇರ್ಪಡಿಸಿ ಕಾಣಬಲ್ಲದು. 1920ಕ್ಕೆ 1080ರ ‘ಫುಲ್ ಎಚ್‌ಡಿ’ಯಲ್ಲಿ ಬಿಂದುವಿನ ಅಗಲ 0.18, ಕಣ್ಣಿನ ಮಿತಿಗೆ ಹತ್ತಿರವೇ. 4ಕೆಯಲ್ಲಿ 0.09. ಅಕ್ಷರದ ಅಂಚು ನಯವಾಗುತ್ತದೆ ನಿಜ, ಆದರೆ ನಾಲ್ಕು ಪಟ್ಟು ಬಿಂದುಗಳನ್ನು ಯಂತ್ರ ತುಂಬಬೇಕು, ಬ್ಯಾಟರಿಯೂ ಬೇಗ ಕರಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ಫುಲ್ ಎಚ್‌ಡಿ ಧಾರಾಳ ಸಾಕು. ಉಳಿದ ಹಣ ಹೆಚ್ಚಿನ ಮೆಮೊರಿಗೆ, ಬಣ್ಣ ನಿಖರವಾಗಿ ತೋರುವ ತೆರೆಗೆ ಹೋಗಲಿ. 4ಕೆಯೇ ಬೇಕೆಂದು ಮಕ್ಕಳು ಹಟ ಹಿಡಿದರೆ, ಕಾಲೇಜಿನಲ್ಲಿ ಕಲಿಸುವ ತಂತ್ರಾಂಶ ಯಾವ ವರ್ಷದ ಆವೃತ್ತಿ ಎಂದು ಮೊದಲು ಕೇಳಿಕೊಂಡು, ಅದನ್ನೇ ಅಂಗಡಿಯ ಯಂತ್ರದಲ್ಲಿ ತೆರೆಸಿ, ಕುರ್ಚಿಗೆ ಬೆನ್ನು ಆನಿಸಿ ಕುಳಿತು ಮೆನು ಓದಿಸಿ ನೋಡಿ.