ಒಂದೇ ರೊಟ್ಟಿ

ಕ್ರೈಸ್ತರ ಕರ್ತನ ಭೋಜನದಲ್ಲಿ ಒಬ್ಬೊಬ್ಬರಿಗೆ ದೊರೆಯುವುದು ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಹಸಿವು ತಣಿಯಲು ಅದು ಸಾಲದು. ಆದರೆ ಆ ಚೂರಿಗಾಗಿ ಕೆಲವರು ತೆತ್ತ ಬೆಲೆ ಅಲ್ಪವಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷಗಳ ತರುವಾಯ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು. ನಂಬಿಕೆಯನ್ನು ಎದೆಯೊಳಗೆ ಬಚ್ಚಿಡಬಹುದು, ಪಂಕ್ತಿಯನ್ನು ಬಚ್ಚಿಡುವಂತಿಲ್ಲ. ಅನ್ಯಜಾತಿಯವರು ತುಟಿಯಿಟ್ಟ ಪಾತ್ರೆಗೆ ತಾನೂ ತುಟಿಯಿಟ್ಟವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಅದರೊಡನೆ ಎಷ್ಟೋ ಮಂದಿಯ ಕುಲಕಸುಬೂ ಹೋಗುತ್ತಿತ್ತು. ಮಿಷನ್ನು ಮಗ್ಗ ಹೂಡಿದ್ದೂ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಬಹುಮಟ್ಟಿಗೆ ಇಂಥವರ ಹೊಟ್ಟೆಪಾಡಿಗಾಗಿಯೇ. ಮಂಗಳೂರು ಹೆಂಚಿನ ಮಾಡಿನ ಕೆಳಗೆ ಮಲಗುವ ಎಷ್ಟು ಜನಕ್ಕೆ ಈ ಸಂಗತಿ ಗೊತ್ತೋ!

ಹಾಗೆಂದು ಒಂದೇ ಪಂಕ್ತಿಯಲ್ಲಿ ಕುಳಿತವರೆಲ್ಲ ಒಂದಾಗಿಬಿಟ್ಟರೆನ್ನಲಾಗದು. ಮೊದಲನೆಯ ಶತಮಾನದ ಕೊರಿಂಥ ಸಭೆಯಲ್ಲೇ ಉಳ್ಳವರು ಮುಂಚಿತವಾಗಿ ಉಂಡು ಕುಡಿಯುತ್ತಿದ್ದರು. ಬಡವರು ಹಸಿದು ನೋಡುತ್ತಿದ್ದರು. ಸಂತ ಪೌಲನು ಪತ್ರ ಬರೆದು ಅವರನ್ನು ಕಟುವಾಗಿ ಗದರಿಸಿದನು. ಅವನು ಸೂಚಿಸಿದ ಪರಿಹಾರ ಮಾತ್ರ ಗಹನವಾದ ತತ್ತ್ವವೇನಲ್ಲ: ಊಟಕ್ಕೆ ಕೂಡಿದವರು ಒಬ್ಬರಿಗಾಗಿ ಒಬ್ಬರು ಕಾಯಬೇಕು, ಅಷ್ಟೆ. ತೀರ ಹಸಿದವನು ಮನೆಯಲ್ಲೇ ಉಂಡು ಬರಲಿ ಎಂದೂ ಸೇರಿಸಿದನು.