ನಕ್ಷೆ ಸುಟ್ಟವನು

ನಮ್ಮೂರು ಕುರಕುಂಟಾದ ಸಿಮೆಂಟ್ ಕಾರ್ಖಾನೆ ಜೋರಿನಲ್ಲಿ ನಡೆಯುತ್ತಿದ್ದ ಕಾಲ ಅದು. ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ (ಸಿಸಿಐ) 1972ರಲ್ಲಿ ಸುರು ಮಾಡಿದ ಆ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಮಂದಿ ಬಂದರು. ಅವರ ಬೆನ್ನಿಗೇ ವಿಡಿಯೊ ಬಂತು. ಎಂಬತ್ತರ ದಶಕದ ಒಂದು ಚಳಿಗಾಲ ನಮ್ಮ ಓಣಿಯವರು ಪಟ್ಟಿ ಹಾಕಿ, ತಾಂಡೂರಿನಿಂದ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತರಿಸಿದರು. ಗೋಣಿಚೀಲ ಸುತ್ತಿದ ಟಿವಿಯನ್ನು ಇಬ್ಬರು ಹಿಡಿದುಕೊಂಡು ರೈಲಿನಿಂದ ಇಳಿದರೆ, ಸ್ಟೇಷನ್ನಿನಿಂದಲೇ ಹುಡುಗರ ಮೆರವಣಿಗೆ.

ಮೊದಲ ಕ್ಯಾಸೆಟ್ಟು ‘ಶೋಲೆ’. ಅದು 1975ರ ಚಿತ್ರ, ಅದರ ಬಂಡೆಗಳು ನಮ್ಮದೇ ರಾಮನಗರದವು. ಅರ್ಧ ಮಂದಿಗೆ ಮಾತೆಲ್ಲ ಬಾಯಿಪಾಠ. ಅದು ಮುಗಿಯುವಷ್ಟರಲ್ಲಿ ಮಕ್ಕಳು ಕೌದಿಯೊಳಗೆ ಮಲಗಿದ್ದರು. ಅಂಗಳದಲ್ಲಿ ತೊಗರಿ ಕಟ್ಟಿಗೆಯ ಬೆಂಕಿ. ಆಗ ಕಾರ್ಖಾನೆ ಕಾಲೊನಿಯ ಒಬ್ಬ ಇಂಜಿನಿಯರು ಹಟ ಹಿಡಿದು ತರಿಸಿದ್ದ ಎರಡನೇ ಕ್ಯಾಸೆಟ್ಟು ಹಾಕಿದರು: 1969ರ ‘ಮೆಕೆನ್ನಾಸ್ ಗೋಲ್ಡ್’. ಪೂರಾ ಇಂಗ್ಲಿಷು. ಎದ್ದು ಹೋಗಬೇಕಾದ ಹೊತ್ತು, ಯಾರೂ ಏಳಲಿಲ್ಲ.

ಯಾಕೆ ಏಳಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಒಂದೇ ಉತ್ತರ: ನಾಯಕ ಗ್ರೆಗರಿ ಪೆಕ್. ಎತ್ತರದ ಆಳು, ಗಡುಸು ದವಡೆ, ಅವಸರವಿಲ್ಲದ ಕಣ್ಣು. ತನ್ನ ಮೇಲೆ ಗುಂಡು ಹಾರಿಸಿದ ಅಪಾಚೆ ಮುದುಕ ಸಾಯುತ್ತಿರುವಾಗ ಪಕ್ಕದಲ್ಲೇ ಇರುತ್ತಾನೆ. ಮುದುಕನ ಬಳಿ ಬಂಗಾರದ ಕಣಿವೆಯ ನಕ್ಷೆ. ಪೆಕ್ ಅದನ್ನು ನೋಡಿ, ನಂಬದೆ, ಬೆಂಕಿಗೆ ಹಾಕುತ್ತಾನೆ. ಅಷ್ಟೇ. ಇನ್ನು ಆ ದಾರಿ ಗೊತ್ತಿರುವುದು ಅವನೊಬ್ಬನಿಗೆ. ಒಮರ್ ಶರೀಫನ ದರೋಡೆ ಗುಂಪು ಅವನನ್ನೇ ಹಿಡಿದೊಯ್ಯುತ್ತದೆ.

“ಸುಟ್ಟ ಬಿಟ್ಟನಲ್ಲೋ!” ಎಂದು ಓಣಿಗೆ ಓಣಿಯೇ ಕೂಗಿತು. ಜೀವಮಾನವೆಲ್ಲ ಪರಸಿ ಕಲ್ಲಿನ ಖಣಿಯಲ್ಲಿ ಉಳಿ ಹಿಡಿದಿದ್ದ ಒಬ್ಬ ಅಜ್ಜ ಮಾತ್ರ, “ಬೇಡಂದ್ರ ಬೇಡ. ಅಂವ ಗಂಡಸು ನೋಡು” ಅಂದ. ಅಜ್ಜನ ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಸುಣ್ಣಗಲ್ಲಿನ ಬಿಳುಪು. ಪರದೆಯ ಮೇಲಿನ ಬಂಡೆಗಳನ್ನು ಅವನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದ. “ಅಲ್ಲಿ ಕಲ್ಲೂ ಪದರ ಪದರ ಅದ, ನಮ್ಮಂಗ” ಎಂದ. ಸೂರ್ಯ ಹುಟ್ಟುವಾಗ ಬಂಡೆಗಂಬದ ನೆರಳು ಉದ್ದುದ್ದ ಬೆಳೆದು ಕಣಿವೆಯ ಬಾಗಿಲು ತೋರಿಸಿದಾಗ ಅಜ್ಜ ಮುಂದಕ್ಕೆ ಸರಿದು ಕೂತ. ಕೊನೆಗೆ ಕಣಿವೆ ಕುಸಿಯುವಾಗ, ಖಣಿಯ ಗೋಡೆ ಕುಸಿದಿದ್ದನ್ನು ಕಂಡಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಪಕ್ಕದ ಮನೆಯ ದೊಡ್ಡವ್ವ, “ನಮ್ಮ ರಾಜಕುಮಾರನಂಗ ಅದಾನವ್ವ” ಎಂದಿದ್ದು ನನಗೆ ಎಲ್ಲ ವಿಮರ್ಶೆಗಿಂತ ದೊಡ್ಡದು. ‘ಬಂಗಾರದ ಮನುಷ್ಯ’ದ ರಾಜೀವನೂ ಕೊನೆಗೆ ಎಲ್ಲ ಬಿಟ್ಟು ನಡೆದವನೇ ಅಲ್ಲವೆ? ಬೇಕಾದ್ದು ಕೈಗೆ ಬಂದಾಗಲೂ ಮುಷ್ಟಿ ಬಿಗಿಯದವನ ಮೇಲೆ ನಮ್ಮ ಜನಕ್ಕೆ ಮೊದಲಿನಿಂದಲೂ ಅಕ್ಕರೆ. ಪಿಸ್ತೂಲು, ಕುದುರೆ, ಟೋಪಿ ಎಲ್ಲ ಆಮೇಲೆ. ಪೆಕ್‌ಗೆ ಆಸ್ಕರ್ ತಂದಿದ್ದು ಕುದುರೆ ಸವಾರನ ಪಾತ್ರವಲ್ಲ. 1962ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನಲ್ಲಿ ಕರಿಯನೊಬ್ಬನ ಪರ ನಿಂತ ವಕೀಲನ ಪಾತ್ರ. ಅದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಅಲ್ಲಿಯೂ ಅದೇ ನಿಲುವು, ಅದೇ ಕಡಿಮೆ ಮಾತು. ಭಾಷೆ ಬಾರದ ನಮ್ಮ ಓಣಿ ಅವನನ್ನು ಸರಿಯಾಗಿಯೇ ಓದಿತ್ತು.

ಕಾರ್ಖಾನೆ 1998ರಲ್ಲಿ ನಿಂತಿತು, ಕಾಲೊನಿಯ ಮಂದಿ ಚದುರಿದರು. ಪೆಕ್ 2003ರ ಜೂನ್‌ನಲ್ಲಿ ತೀರಿಕೊಂಡ. ‘ಮೆಕೆನ್ನಾಸ್ ಗೋಲ್ಡ್’ ಈಗ ಫೋನಿನಲ್ಲೇ ಸಿಗಬಹುದು. ಸಿಕ್ಕರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೋಡಿರಿ, ನಕ್ಷೆ ಸುಡುವಾಗ ಅವರು ಏನನ್ನುತ್ತಾರೋ ಕೇಳಿರಿ.